ನೆಲ ಡೊಂಕು ಎಂದವಳು

ನೀರು ಸರಬರಾಜು ಕಚೇರಿಯಲ್ಲಿ ಅವಳಿಗೆ ಅರ್ಥಿಂಗಮ್ಮ ಎಂಬ ಹೆಸರು ಬಿದ್ದದ್ದು ಕೆಲಸಕ್ಕೆ ಸೇರಿದ ಮೂರನೆಯ ತಿಂಗಳಿಗೆ. ಮೀಟರು ತಪ್ಪು ತೋರಿಸಿದರೂ, ಪಂಪು ತನ್ನಷ್ಟಕ್ಕೆ ತಾನೇ ನಿಂತರೂ, ಕಚೇರಿಯ ಫ್ಯಾನು ಕಿರುಗುಟ್ಟಿದರೂ ಅವಳು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಅರ್ಥಿಂಗ್ ನೋಡಿದ್ರಾ ಅಂತ. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಷ್ಟೇ ಉಳಿಯಿತು. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಅರ್ಥ ಆಗದವರ ಬಾಯಲ್ಲಿ ಅರ್ಥಿಂಗ್ ಅನ್ನೋ ಮಾತಾದರೂ ಬಂತಲ್ಲ, ಅಷ್ಟೇ ಲಾಭ ಎಂದು ನಕ್ಕಿದ್ದಳು.

ಅವಳದು ಸಣ್ಣ ತಂತಿಗಳ ಕೆಲಸ. ಪಂಪು ತಿರುಗಿಸುವ, ತೋಳಿನಷ್ಟು ದಪ್ಪದ ಕೇಬಲ್ಲುಗಳಿಗೆ ಬೇರೆ ಜನ ಇದ್ದರು. ಗುಡ್ಡದ ಮೇಲಿನ ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂಬ ಸುದ್ದಿಯನ್ನು ಮುಕ್ಕಾಲು ಕಿಲೋಮೀಟರು ನೆಲದಡಿಯಲ್ಲಿ ಹೊತ್ತು ತಂದು ಕೆಳಗಿನ ಪಂಪ್‌ಹೌಸಿನ ಪ್ಯಾನೆಲ್ಲಿಗೆ ಮುಟ್ಟಿಸುವ ತಂತಿ ಮಾತ್ರ ಅವಳ ಪಾಲಿನದು. ಟ್ಯಾಂಕು ತುಂಬಿತು ಎಂದು ಆ ತಂತಿ ಹೇಳಿದರೆ ಪಂಪು ನಿಲ್ಲುತ್ತದೆ, ಹೇಳದಿದ್ದರೆ ನಿಲ್ಲುವುದಿಲ್ಲ. ದಪ್ಪ ಕೇಬಲ್ಲಿನವರು ಇದನ್ನು ದಾರ ಪೋಣಿಸುವ ಕೆಲಸ ಎಂದು ಹಂಗಿಸುತ್ತಿದ್ದರು. ಮನೆಯಲ್ಲಿ ಹೊಲಿಗೆ ಯಂತ್ರ ತುಳಿದೇ ಮಗನನ್ನು ದೊಡ್ಡವನನ್ನಾಗಿ ಮಾಡಿದ್ದ ಅವಳ ಅತ್ತೆ, ಈ ಮಾತು ಕಿವಿಗೆ ಬಿದ್ದಾಗ, "ದಾರ ಬಿಟ್ರೆ ಅವರ ಪ್ಯಾಂಟು ಎಲ್ಲಿರುತ್ತೆ ಅಂತ ಕೇಳ್ಬೇಕಿತ್ತು" ಎಂದಿದ್ದರು. ಗಂಡ ಲಾರಿ ಓಡಿಸುತ್ತ ತಿಂಗಳಲ್ಲಿ ಇಪ್ಪತ್ತು ದಿನ ಹೊರಗೇ ಇರುತ್ತಿದ್ದ. ಹಾಗಾಗಿ ಮನೆಯ ಆಡಳಿತವೆಲ್ಲ ಈ ಅತ್ತೆ ಸೊಸೆಯರದು. ಜಗಳವೂ ಅವರದೇ, ರಾಜಿಯೂ ಅವರದೇ.

ಗುಡ್ಡದ ಎರಡು ಮಗ್ಗುಲಿಗೆ ಎರಡು ಪಂಪ್‌ಹೌಸು, ಮೇಲೆ ಒಂದೊಂದಕ್ಕೆ ಒಂದೊಂದು ಟ್ಯಾಂಕು. ಪೂರ್ವದ್ದು, ಪಶ್ಚಿಮದ್ದು ಎಂದು ಕರೆಯುತ್ತಿದ್ದರು. ಎರಡರಲ್ಲೂ ಒಬ್ಬನೇ ಗುತ್ತಿಗೆದಾರ ಹೊಸ ಪ್ಯಾನೆಲ್ ಹಾಕಿ ಎರಡು ವರ್ಷವಾಗಿತ್ತು. ಪಶ್ಚಿಮದ ಪಂಪ್‌ಹೌಸಿನಲ್ಲಿ ಹಗಲು ಪಾಳಿಯ ಆಪರೇಟರನಿಗೆ ಗಡಿಯಾರ ಎಂದು ಅಡ್ಡಹೆಸರು. ಅರ್ಧ ಗಂಟೆಗೊಮ್ಮೆ ಟ್ಯಾಂಕಿನ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಂದು ಗೆರೆಯೂ ಖಾಲಿ ಬಿಟ್ಟವನಲ್ಲ. ಅವಳಿಗೂ ಅವನಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ. ಅವಳು ಸೇರಿದ ವರ್ಷ, ಹೆಂಗಸರು ಪಂಪ್‌ಹೌಸಿಗೆ ಬಂದರೆ ಕೆಲಸ ಕೆಡುತ್ತದೆ ಎಂದು ಮೇಲಿನವರಿಗೆ ಅರ್ಜಿ ಹೋಗಿತ್ತು. ಹನ್ನೊಂದು ಸಹಿಗಳಲ್ಲಿ ಮೊದಲನೆಯದು ಅವನದು. ಅಲ್ಲಿಂದೀಚೆಗೆ ಅವರ ನಡುವೆ ನಡೆದ ಮಾತೆಲ್ಲ ಅಂಕಿಗಳಲ್ಲಿ, ಐವತ್ತನಾಲ್ಕು, ಎಪ್ಪತ್ತೊಂದು, ಸರಿ ಇದೆ, ಇಲ್ಲ ಎಂಬಷ್ಟರಲ್ಲೇ ಮುಗಿಯುತ್ತಿತ್ತು.

ಮಳೆಗಾಲ ಇನ್ನೂ ಶುರುವಾಗದ ಒಂದು ಮಧ್ಯಾಹ್ನ, ಮೂರು ಗಂಟೆಯ ಸುಮಾರಿಗೆ ಗುಡ್ಡದ ಮೇಲೆ ಸಿಡಿಲು ಬಡಿಯಿತು. ನಾಲ್ಕು ಹನಿ ಮಳೆಯೂ ಬೀಳಲಿಲ್ಲ. ಗಡಿಯಾರ ಮೂರಕ್ಕೆ ಬರೆದದ್ದು ನೂರಕ್ಕೆ ಅರವತ್ತೆರಡು. ಮೂರೂವರೆಗೂ ಅರವತ್ತೆರಡು. ಸಂಜೆ ಊರಿಗೆ ನೀರು ಬಿಡುವ ಹೊತ್ತು, ಏರಿದಷ್ಟು ಇಳಿಯುತ್ತಿರಬಹುದು ಎಂದುಕೊಂಡ. ನಾಲ್ಕಕ್ಕೂ ಅದೇ ಬಂದಾಗ ಅನುಮಾನವಾಗಿ ಟ್ಯಾಂಕಿನ ಕಾವಲುಗಾರನಿಗೆ ಫೋನು ಎತ್ತಿದ. ಫೋನು ಸತ್ತಿತ್ತು. ಪಂಪು ನಿಲ್ಲಿಸಿದರೆ ಅರ್ಧ ಊರಿಗೆ ನೀರಿಲ್ಲ. ನಿಲ್ಲಿಸಲು ಮೇಲಿನವರ ಅಪ್ಪಣೆ ಬೇಕು, ಕೇಳಲು ಇದ್ದದ್ದೂ ಆ ಸತ್ತ ಫೋನೇ. ಪಂಪು ಬಿಟ್ಟು ಗುಡ್ಡ ಹತ್ತುವಂತೆಯೂ ಇಲ್ಲ. ನಾಲ್ಕೂವರೆಗೂ, ಐದಕ್ಕೂ ಅದೇ ಅಂಕಿ. ಹೀಗೆ ಅವನು ಮೀನಮೇಷ ಎಣಿಸುತ್ತಿದ್ದಾಗಲೇ ಟ್ಯಾಂಕು ಉಕ್ಕಿ, ನೀರು ಗುಡ್ಡದ ಮಗ್ಗುಲನ್ನು ಕೊರೆದುಕೊಂಡು ಇಳಿದು, ಕೆಳಗಿನ ಬೀದಿಯ ಒಂದು ಕಾಂಪೌಂಡ್ ಗೋಡೆಯನ್ನು ಕೆಡವಿತು. ಗೋಡೆಯ ಪಕ್ಕ ಒಣಗಿದ ಬಟ್ಟೆ ತೆಗೆಯುತ್ತಿದ್ದ ನಿವೃತ್ತ ಮೇಷ್ಟ್ರ ಕಾಲು ಮುರಿಯಿತು.

ಮಾರನೆಯ ಬೆಳಗ್ಗೆ ಗಡಿಯಾರನನ್ನು ಅಮಾನತು ಮಾಡಿದರು. ಅರವತ್ತೆರಡು ಅರವತ್ತೆರಡು ಎಂದು ಐದು ಸಲ ಬರೆದಿದ್ದೇ ಅವನಿಗೆ ಮುಳುವಾಯಿತು. ಮೀಟರು ನೋಡದೆ, ತೂಕಡಿಸುತ್ತ, ಹಿಂದಿನ ಅಂಕಿಯನ್ನೇ ನಕಲು ಹೊಡೆದಿದ್ದಾನೆ ಎಂದರು.

ಅರ್ಥಿಂಗಮ್ಮ ಆ ದಿನ ಪೂರ್ವದ ಪಂಪ್‌ಹೌಸಿನಲ್ಲಿದ್ದಳು. ಸುದ್ದಿ ಕೇಳಿ ಪಶ್ಚಿಮಕ್ಕೆ ಬರುವ ಹೊತ್ತಿಗೆ ಗುತ್ತಿಗೆದಾರನ ಕಡೆಯವರು ಬಂದು, ಪ್ಯಾನೆಲ್ಲಿನೊಳಗೆ ಮಟ್ಟದ ಅಂಕಿ ತೋರಿಸುವ ಎಲೆಕ್ಟ್ರಾನಿಕ್ ಕಾರ್ಡು ಬದಲಿಸಿ, ಹಳೆಯದನ್ನು ಹೊತ್ತುಕೊಂಡು ಹೋಗಿಯಾಗಿತ್ತು. ಮೇಜಿನ ಮೇಲೆ ವರದಿ ಟೈಪಾಗಿ ಕೂತಿತ್ತು. ಉಪಕರಣಗಳೆಲ್ಲ ಸುಸ್ಥಿತಿಯಲ್ಲಿವೆ, ಸಿಡಿಲು ತಡೆಯುವ ಸರ್ಜ್ ಪ್ರೊಟೆಕ್ಟರಿನ ಹಸಿರು ಗುರುತು ಹಾಗೇ ಇದೆ, ಆದ್ದರಿಂದ ಇದು ಆಪರೇಟರನ ನಿರ್ಲಕ್ಷ್ಯ ಎಂದು ಅದರಲ್ಲಿತ್ತು. ಕೆಳಗೆ ಮೆಕ್ಯಾನಿಕ್ ಸಹಿಗೆ ಜಾಗ ಬಿಟ್ಟಿದ್ದರು.

ಅವಳು ವರದಿಯನ್ನು ಪಕ್ಕಕ್ಕೆ ಸರಿಸಿ ಪ್ಯಾನೆಲ್ಲಿನ ಬಾಗಿಲು ತೆರೆದಳು. ಕಾರ್ಡು ಕೂರುವ ಸಂದಿನ ಅಂಚಿನಲ್ಲಿ ಹುಬ್ಬಿಗೆ ಕಾಡಿಗೆ ಎಳೆದ ಹಾಗೆ ಒಂದು ಕಪ್ಪು ಗೆರೆ. ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಸರ್ಜ್ ಪ್ರೊಟೆಕ್ಟರ್ ನಿಜಕ್ಕೂ ಇತ್ತು, ಹಸಿರಾಗಿಯೇ ಇತ್ತು. ಸಿಡಿಲಿನ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅದರ ಅರ್ಥಿಂಗ್, ಅಂದರೆ ಭೂಮಿಯ ತಂತಿ, ಎಲ್ಲಿಗೆ ಹೋಗಿದೆ ಎಂದು ಬೆರಳಲ್ಲಿ ಹಿಡಿದು ಹೊರಟಳು. ತಂತಿ ಮೊದಲು ಪ್ಯಾನೆಲ್ಲಿನ ತಳದಲ್ಲಿ ಹಗ್ಗದ ಸಿಂಬಿಯ ಹಾಗೆ ಏಳೆಂಟು ಸುತ್ತು ಸುತ್ತಿಕೊಂಡಿತ್ತು, ನೋಡಲು ಲಕ್ಷಣವಾಗಿ. ಅಲ್ಲಿಂದ ಗೋಡೆ ತೂರಿ, ಕಟ್ಟಡದ ಹಿಂದಕ್ಕೆ ಮೂವತ್ತು ಮೀಟರು ಹೋಗಿ, ಬೇರೆಯದೇ ಒಂದು ಗುಂಡಿಯಲ್ಲಿ ನೆಲ ಸೇರಿತ್ತು. ಪ್ಯಾನೆಲ್ಲಿನ, ಪಂಪಿನ, ಮಿಕ್ಕೆಲ್ಲದರ ಗುಂಡಿ ಮುಂಬಾಗಿಲ ಬಳಿ. ಎರಡು ಗುಂಡಿಗಳ ನಡುವೆ ಒಂದು ಎಳೆ ತಂತಿಯ ನಂಟೂ ಇರಲಿಲ್ಲ. ಭೂಮಿ ಅಳೆಯುವ ಪೆಟ್ಟಿಗೆ ತಂದು ಎರಡರ ನಡುವೆ ಇಟ್ಟಳು. ಒಂದಕ್ಕಿಂತ ಕಡಿಮೆ ಇರಬೇಕಾದ ಜಾಗದಲ್ಲಿ ಮುಳ್ಳು ಮೂವತ್ತೆಂಟು ಓಮ್ ತಡೆ ತೋರಿಸಿತು.

ವಿಭಾಗದ ಎಂಜಿನಿಯರ್ ಕೆಟ್ಟ ಮನುಷ್ಯನೇನಲ್ಲ. ಪ್ಯಾನೆಲ್ಲಿನ ಕೆಲಸ ಅವರ ಕಾಲದಲ್ಲೇ ಆದದ್ದು, ಅದರ ಮೇಲೆ ಹೆತ್ತವರ ಮಮತೆ. ಸೂಕ್ಷ್ಮ ಉಪಕರಣಕ್ಕೆ ಶುದ್ಧವಾದ ಭೂಮಿ ಬೇರೆಯೇ ಇರಬೇಕು, ಪಂಪಿನ ಕರೆಂಟಿನ ಗಲೀಜು ಅದಕ್ಕೆ ತಾಗಬಾರದು ಎಂದು ಅವರೇ ಮುಂದೆ ನಿಂತು ಎರಡನೆಯ ಗುಂಡಿ ತೋಡಿಸಿದ್ದರು. ಅವಳು ಸಹಿ ಹಾಕದ ವರದಿಯನ್ನು ಅವರ ಮೇಜಿನ ಮೇಲಿಟ್ಟಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಒಂದು ಸಹಿ ಅಷ್ಟೇನಮ್ಮ. ಇಷ್ಟು ವರ್ಷ ಹಾಕಿಲ್ವಾ?"

"ಹಾಕಿದೀನಿ ಸಾರ್. ಸರಿ ಇದ್ದಿದ್ದಕ್ಕೆ ಹಾಕಿದೀನಿ. ಇಲ್ಲಿ ತಪ್ಪು ಮಾಡಿರೋದು ಅವನಲ್ಲ, ಅರ್ಥಿಂಗು."

ಎಂಜಿನಿಯರ್ ಕೋಣೆಯಲ್ಲಿದ್ದ ಇಬ್ಬರು ಗುಮಾಸ್ತರ ಕಡೆ ನೋಡಿ ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನೆಲ ಡೊಂಕಾಗೇ ಇದೆ ಸಾರ್. ಅಳೆದುಕೊಂಡೇ ಬಂದಿದೀನಿ."

ಗುಮಾಸ್ತರ ನಗು ಅರ್ಧಕ್ಕೇ ನಿಂತಿತು. ಅವಳು ವರದಿಯ ಹಿಂಬದಿಯಲ್ಲಿ ತನ್ನ ದುಂಡನೆಯ ಅಕ್ಷರದಲ್ಲಿ ತಾನು ಕಂಡದ್ದನ್ನೆಲ್ಲ ಬರೆದಳು. ಕಪ್ಪು ಗೆರೆ, ಸಿಂಬಿ ಸುತ್ತಿದ ತಂತಿ, ಎರಡು ಗುಂಡಿ, ಮೂವತ್ತೆಂಟು ಓಮ್. ಅದಕ್ಕೆ ಸಹಿ ಹಾಕಿದಳು. ಸೋಮವಾರದ ಹೊತ್ತಿಗೆ ಅವಳನ್ನು ಪಂಪ್‌ಹೌಸಿನಿಂದ ಎತ್ತಿ, ಮುಖ್ಯ ಕಚೇರಿಯ ದೂರು ಕೌಂಟರಿನಲ್ಲಿ ಕೂರಿಸಿದರು. ನಲ್ಲಿಯಲ್ಲಿ ನೀರು ಬರುತ್ತಿಲ್ಲ, ಬಂದರೆ ಕೆಂಪಗೆ ಬರುತ್ತಿದೆ ಎನ್ನುವ ಜನರಿಂದ ಚೀಟಿ ಬರೆಸಿಕೊಳ್ಳುವುದು ಈಗ ಅವಳ ಕೆಲಸ.

ಮನೆಯಲ್ಲಿ ಅತ್ತೆ ಎಲ್ಲ ಕೇಳಿಸಿಕೊಂಡು, ಬಾಯಲ್ಲಿದ್ದ ದಾರದ ತುಂಡು ಉಗಿದರು. ನಿನ್ನ ಮೇಲೆ ಅರ್ಜಿ ಬರೆದವನಿಗೋಸ್ಕರ ನೀನು ಕುರ್ಚಿ ಕಳಕೊಂಡೆಯಾ, ಅವನೇನು ನಿನ್ನ ಅಣ್ಣನಾ ತಮ್ಮನಾ ಎಂದು ಕೇಳಿದರು. ಅವನನ್ನು ಕಂಡರೆ ಅವಳಿಗೆ ಈಗಲೂ ಆಗುತ್ತಿರಲಿಲ್ಲ. ಆದರೆ ಆ ಐದು ಅರವತ್ತೆರಡುಗಳನ್ನು ಅವಳು ಪುಸ್ತಕದಲ್ಲಿ ನೋಡಿದ್ದಳು. ನಿದ್ದೆಗಣ್ಣಿನವನ ಬರಹವಾಗಿರಲಿಲ್ಲ ಅದು. ಕೊನೆಯ ಮೂರರ ಪಕ್ಕ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದ.

"ಅವನ ಮೇಲೆ ನನಗೆ ಪ್ರೀತಿ ಇಲ್ಲ ಅತ್ತೆ. ಆದ್ರೆ ನಾನು ಕಾಯೋ ತಂತಿ ಸುಳ್ಳು ಹೇಳ್ತು. ಸುಳ್ಳು ಕೇಳಿಸಿಕೊಂಡೋನಿಗೆ ಶಿಕ್ಷೆ ಕೊಟ್ರೆ ಹೇಗೆ?"

ಅತ್ತೆ ಸೂಜಿಗೆ ದಾರ ಏರಿಸುತ್ತ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋರು ಎಲ್ಲ ಕಡೆ ಇರ್ತಾರೆ" ಎಂದರು. "ಸಹಿ ಹಾಕ್ಬೇಡ ಹೋಗು."

ವಿಚಾರಣೆಗೆ ಬಂದ ಅಧಿಕಾರಿ ತಂತಿಗಳ ಗೊಡವೆಯೇ ಇಲ್ಲದ ಆಡಳಿತ ವಿಭಾಗದವರು; ವಯಸ್ಸಾದ, ತಾಳ್ಮೆಯ ಮನುಷ್ಯ. ಕಚೇರಿಯ ಉದ್ದನೆಯ ಕೋಣೆಯಲ್ಲಿ ಗಡಿಯಾರ ಒಂದು ತುದಿಗೆ ತಲೆ ತಗ್ಗಿಸಿ ಕುಳಿತಿದ್ದ, ಇಸ್ತ್ರಿ ಮಾಡಿದ ಸಮವಸ್ತ್ರದಲ್ಲೇ. ಎಂಜಿನಿಯರ್ ಹಸಿರು ಗುರುತಿನ ಫೋಟೋ ತೋರಿಸಿದರು. ರಕ್ಷಣೆ ಇದ್ದ ಮೇಲೆ ಸಿಡಿಲಿನ ಮಾತು ಎಲ್ಲಿ ಬಂತು ಎಂದರು. ಅಧಿಕಾರಿ ಅವಳ ಕಡೆ ತಿರುಗಿ, ತಮಗೆ ಅರ್ಥವಾಗುವ ಹಾಗೆ ಹೇಳಬೇಕು ಎಂದು ಕೇಳಿಕೊಂಡರು.

"ಎರಡು ದೋಣಿ ಮೇಲೆ ಒಂದೊಂದು ಕಾಲಿಟ್ಟೋನ್ನ ನೆನೆಸಿಕೊಳ್ಳಿ ಸಾರ್" ಎಂದು ಅವಳು ಶುರು ಮಾಡಿದಳು. "ನೀರು ಸುಮ್ನಿದ್ದಾಗ ಅವನೂ ಸುಮ್ನೆ ನಿಂತಿರ್ತಾನೆ. ದೊಡ್ಡ ಅಲೆ ಬಂದ್ರೆ ಒಂದು ದೋಣಿ ಮೊದ್ಲು ಏಳುತ್ತೆ, ಇನ್ನೊಂದು ಕೆಳಗೇ ಇರುತ್ತೆ. ಮಧ್ಯೆ ಇರೋನು ಸೀಳಿ ಹೋಗ್ತಾನೆ. ಸಿಡಿಲು ಬಿದ್ದಾಗ ಭೂಮಿನೂ ಹಾಗೇ, ಒಂದೊಂದು ಕಡೆ ಒಂದೊಂದು ಎತ್ತರಕ್ಕೆ ಏಳುತ್ತೆ. ಪ್ಯಾನೆಲ್ಲಿನ ಒಂದು ಕಾಲು ಮುಂದಿನ ಗುಂಡಿಯಲ್ಲಿ, ಇನ್ನೊಂದು ಹಿಂದಿನ ಗುಂಡಿಯಲ್ಲಿ. ನಡುವೆ ಸಿಕ್ಕಿದ್ದು ಆ ಕಾರ್ಡು. ಎರಡು ದೋಣಿನ ಬಿಗಿಯಾಗಿ ಕಟ್ಟಿಬಿಟ್ರೆ ಎಷ್ಟು ಎತ್ತರ ಎದ್ರೂ ಒಟ್ಟಿಗೇ ಏಳ್ತವೆ."

ಹಸಿರು ಗುರುತಿನ ವಿಷಯವನ್ನೂ ಅವಳು ಬಿಡಲಿಲ್ಲ. ಬಾಗಿಲು ಕಾಯುವವನು ಗಟ್ಟಿಯಾಗಿದ್ದರೆ ಸಾಲದು, ಕಳ್ಳನನ್ನು ಹೊರಗೆ ದಬ್ಬಲು ದಾರಿ ಹತ್ತಿರ ಇರಬೇಕು. ಸಿಡಿಲಿಗೆ ಏಳು ಸುತ್ತು ಸುತ್ತಿ ಮೂವತ್ತು ಮೀಟರು ನಡೆಯುವಷ್ಟು ಪುರುಸೊತ್ತು ಎಲ್ಲಿದೆ ಎಂದಳು. ಎಂಜಿನಿಯರ್, ಇದೆಲ್ಲ ಬಾಯಿಮಾತು, ಪುಸ್ತಕದಲ್ಲಿ ಎಲ್ಲಿದೆ ಎಂದಾಗ ಚೀಲದಿಂದ ಒಂದು ಮಡಿಚಿದ ಕಾಗದ ತೆಗೆದಳು. ಸರ್ಜ್ ಪ್ರೊಟೆಕ್ಟರಿನ ಜೊತೆಗೇ ಬಂದ ಸೂಚನೆಯ ಹಾಳೆ. ಎರಡು ವರ್ಷದಿಂದ ಪ್ಯಾನೆಲ್ ಬಾಗಿಲಿನ ಜೇಬಿನಲ್ಲಿ, ಪ್ಲಾಸ್ಟಿಕ್ ಕವರು ಹರಿಯದೆ ಮಲಗಿತ್ತು. ಅದರ ಚಿತ್ರದಲ್ಲಿ ಭೂಮಿಯ ಗೆರೆ ಮೊಳದುದ್ದ ಮಾತ್ರ ಇತ್ತು, ನೇರವಾಗಿ ಪ್ಯಾನೆಲ್ಲಿನದೇ ಭೂಮಿಗೆ.

ಅಧಿಕಾರಿ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದರು. ಪರಿಣತರನ್ನು ಕೇಳಬೇಕು ಎಂದು ವಿಚಾರಣೆಯನ್ನು ಎರಡು ತಿಂಗಳು ಮುಂದೂಡಿದರು. ಅಷ್ಟರವರೆಗೆ ಎಲ್ಲ ಇದ್ದ ಹಾಗೇ ಇರಲಿ ಎಂದರು.

ಆ ಕೊನೆಯ ಮಾತಿಗೆ ಅವಳು ಮನಸ್ಸಿನಲ್ಲೇ ದಿನ ಎಣಿಸಿದಳು. ಎರಡು ತಿಂಗಳೆಂದರೆ ಗುಡುಗಿನ ಕಾಲವೆಲ್ಲ ಅದರಲ್ಲೇ ಬಂತು. ಮೂರು ದಿನ ದೂರು ಚೀಟಿ ಬರೆದಳು. ನಾಲ್ಕನೆಯ ದಿನ ಕುಂಟುತ್ತ ಬಂದವರು ಗೋಡೆ ಬಿದ್ದು ಕಾಲು ಮುರಿದುಕೊಂಡ ಅದೇ ಮೇಷ್ಟ್ರು. ಕೋಲೂರಿಕೊಂಡು ನಿಂತು, ಮತ್ತೆ ಹಾಗೆ ನೀರು ನುಗ್ಗುವುದಿಲ್ಲ ತಾನೇ ಎಂದು ವಿಚಾರಿಸಿದರು. ನುಗ್ಗುವುದಿಲ್ಲ ಎಂದರೆ ಸುಳ್ಳಾಗುತ್ತಿತ್ತು. ಕೇಳಿ ಹೇಳುತ್ತೇನೆ ಎಂದು ಕಳಿಸಿದಳು.

ಮರುದಿನ ಅರ್ಧ ದಿನದ ರಜೆ ಬರೆದುಕೊಟ್ಟು, ಸಹಿ ಮಾಡಿ ಉಗ್ರಾಣದವನಿಂದ ತಾಮ್ರದ ಪಟ್ಟಿ ಪಡೆದು, ಆಕಾಶ ತಿಳಿಯಾಗಿದ್ದ ಬೆಳಗ್ಗೆ ಹತ್ತಕ್ಕೆ ಪಶ್ಚಿಮದ ಪಂಪ್‌ಹೌಸಿಗೆ ಹೋದಳು. ಕದ್ದುಮುಚ್ಚಿ ಮಾಡುವ ಜಾಯಮಾನ ಅವಳದಲ್ಲ. ಪಾಳಿಯವನಿಗೆ ಹೇಳಿಯೇ ಕೆಲಸಕ್ಕೆ ಕೂತಳು. ಎರಡು ಗುಂಡಿಗಳ ನಡುವೆ ಪಟ್ಟಿ ಎಳೆದು, ತುಕ್ಕು ಕೆರೆದು, ನಟ್ಟು ಬಿಗಿದಳು. ಸಿಂಬಿ ಸುತ್ತಿದ ತಂತಿಯನ್ನು ಕತ್ತರಿಸಿ ಬಿಸಾಕಿ, ಮೊಳದುದ್ದದ ದಪ್ಪ ತಂತಿಯಲ್ಲಿ ಪ್ರೊಟೆಕ್ಟರನ್ನು ಪ್ಯಾನೆಲ್ಲಿನ ಭೂಮಿಗೆ ಕಟ್ಟಿದಳು. ಟ್ಯಾಂಕಿನ ಬಳಿಯೂ ತಂತಿಯ ಮೇಲ್ತುದಿಗೆ ಅಂಥದೇ ಒಂದು ಪ್ರೊಟೆಕ್ಟರ್ ಇತ್ತು. ಗುಡ್ಡ ಹತ್ತಿ ಅಲ್ಲೂ ಹಾಗೇ ಮಾಡಿ ಇಳಿದು ಬಂದಳು. ಕೊನೆಯ ನಟ್ಟಿಗೆ ಸ್ಪ್ಯಾನರ್ ಕೊಡುತ್ತಿದ್ದಾಗ ಎಂಜಿನಿಯರರ ಜೀಪು ಬಂತು. ಯಾರೋ ಫೋನು ಮಾಡಿದ್ದರು.

"ಯಾರ ಅಪ್ಪಣೆ ತಗೊಂಡು ಮಾಡಿದ್ರಿ? ಬಿಚ್ಚಿ ಅದನ್ನ."

ಅವಳು ಎದ್ದು, ಸೀರೆಯ ಮೇಲಿನ ಧೂಳು ಕೊಡವಿ, ಸ್ಪ್ಯಾನರನ್ನು ಅವರ ಮುಂದೆ ಹಿಡಿದಳು.

"ಕಟ್ಟಿದ್ದು ನಾನು. ಬಿಚ್ಚೋದು ನೀವೇ ಆಗ್ಲಿ ಸಾರ್. ಬಿಚ್ಚಿದ್ದು ಇಂಥೋರು ಅಂತ ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಆಮೇಲೆ ಈ ಕಡೆ ತಿರುಗಿ ನೋಡಲ್ಲ."

ಪಾಳಿಯವನು, ಜೀಪಿನ ಚಾಲಕ, ಗೇಟಿನವನು ಎಲ್ಲರೂ ನೋಡುತ್ತಿದ್ದರು. ಎಂಜಿನಿಯರ್ ಸ್ಪ್ಯಾನರನ್ನೂ ನೋಡಿದರು, ಅವಳ ಮುಖವನ್ನೂ ನೋಡಿದರು. ಕೈ ಚಾಚಲಿಲ್ಲ. ಸಂಜೆ ನಾಲ್ಕಕ್ಕೆ ದೂರು ಕೌಂಟರಿಗೆ ಮೆಮೋ ಬಂತು. ಇಂಥ ದಿನ, ಇಂಥ ಹೊತ್ತಿನಲ್ಲಿ, ಮೇಲಧಿಕಾರಿಗಳ ಅನುಮತಿಯಿಲ್ಲದೆ, ಪಶ್ಚಿಮದ ಪಂಪ್‌ಹೌಸಿನ ಎರಡು ಭೂಮಿಗಳನ್ನು ತಾಮ್ರದ ಪಟ್ಟಿಯಿಂದ ಜೋಡಿಸಿರುತ್ತೀರಿ, ತಂತಿಯನ್ನು ಮೊಟಕುಗೊಳಿಸಿರುತ್ತೀರಿ, ಇದು ಅಶಿಸ್ತು ಎಂದು ಒಂದೂ ಬಿಡದೆ ಬರೆದಿದ್ದರು. ಸೇವಾ ಪುಸ್ತಕದಲ್ಲಿ ನಮೂದಾಗುವುದು, ಆ ವರ್ಷದ ಬಡ್ತಿ ತಪ್ಪುವುದು ಎರಡೂ ಖಚಿತವಾಯಿತು. ಅವಳು ತೆಗೆದುಕೊಂಡೆ ಎಂದು ಸಹಿ ಮಾಡಿದಳು. ಅದು ನಿಜವಾದ ಮಾತಾಗಿತ್ತು, ಸಹಿ ಹಾಕಲು ಅಡ್ಡಿ ಇರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ ಗುಡ್ಡದ ನೆತ್ತಿಗೆ ಸಿಡಿಲು ಬಡಿಯಿತು. ಹಳೆಯ ಜೋಡಣೆಯೇ ಇದ್ದ ಪೂರ್ವದ ಪಂಪ್‌ಹೌಸಿನಲ್ಲಿ ಕಾರ್ಡು ಸುಟ್ಟಿತು, ಮಟ್ಟದ ಅಂಕಿ ನಲವತ್ತೇಳಕ್ಕೆ ಕಚ್ಚಿಕೊಂಡಿತು; ಪಾಠ ಕಲಿತಿದ್ದ ಪಾಳಿಯವನು ಕೂಡಲೇ ಪಂಪು ನಿಲ್ಲಿಸಿದ್ದರಿಂದ ಟ್ಯಾಂಕು ಉಕ್ಕಲಿಲ್ಲ. ಪಶ್ಚಿಮದಲ್ಲಿ ಏನೂ ಆಗಲಿಲ್ಲ; ಅಂಕಿ ಏರುತ್ತ ಇಳಿಯುತ್ತ ಇತ್ತು. ಕಚೇರಿಯಲ್ಲಿ ಇಬ್ಬರು ಮೂವರು ಅವಳ ಕೌಂಟರಿಗೆ ಬಂದು ಕೈ ಕುಲುಕಿದರು. ಅವಳು ಮಾತ್ರ ಹಿಗ್ಗಲಿಲ್ಲ. ಒಂದು ಸಿಡಿಲು ಸಾಕ್ಷಿಯಾಗುವುದಿಲ್ಲ, ಅದು ಪೂರ್ವದ ಕಡೆಗೇ ಹತ್ತಿರ ಬಿದ್ದಿರಲೂಬಹುದು ಎಂದು ತಾನೇ ಹೇಳಿದಳು. ಆ ಎರಡು ತಿಂಗಳಲ್ಲಿ ಇನ್ನೂ ಮೂರು ಸಲ ದೊಡ್ಡ ಗುಡುಗು ಬಂತು. ಪೂರ್ವದಲ್ಲಿ ಮತ್ತೆ ಎರಡು ಕಾರ್ಡು, ಒಂದು ಫೋನು ಹೋದವು. ಪಶ್ಚಿಮದ್ದು ಒಂದು ಸಲವೂ ಕೆಮ್ಮಲಿಲ್ಲ. ಈ ನಡುವೆ ಒಂದು ಬೆಳಗ್ಗೆ ಎಂಜಿನಿಯರ್ ಯಾರಿಗೂ ಹೇಳದೆ ಪೂರ್ವದ ಪಂಪ್‌ಹೌಸಿಗೆ ಹೋಗಿ, ಎರಡು ಗುಂಡಿಗಳ ನಡುವೆ ತಾವೇ ಅಳೆದು ನೋಡಿ, ಬಹಳ ಹೊತ್ತು ನಿಂತಿದ್ದರಂತೆ. ಪಾಳಿಯವನು ನೋಡಿ ಬಂದು ಹೇಳಿದ.

ಮುಂದಿನ ವಿಚಾರಣೆಯಲ್ಲಿ ಅವರು ಜಾಸ್ತಿ ವಾದ ಮಾಡಲಿಲ್ಲ. ಉಪಕರಣದ ದೋಷವನ್ನು ತಳ್ಳಿಹಾಕಲಾಗದು ಎಂದಷ್ಟೇ ಹೇಳಿದರು. ಗಡಿಯಾರನ ಅಮಾನತು ರದ್ದಾಯಿತು. ತಪ್ಪು ಅವನದಲ್ಲ ಎಂದು ಆದೇಶದಲ್ಲಿ ಬರಲಿಲ್ಲ. ಸಂಶಯದ ಲಾಭ ಕೊಡಲಾಗಿದೆ ಎಂದು ಬಂತು. ಅವಳಿಗೆ ಅದನ್ನು ಓದಿ ಮೈ ಉರಿದುಹೋಯಿತು.

ಅವನು ಕೆಲಸಕ್ಕೆ ಸೇರುವ ಹಿಂದಿನ ದಿನ, ಭಾನುವಾರ ಬೆಳಗ್ಗೆ, ಅವಳ ಮನೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಸಮವಸ್ತ್ರದ ಪ್ಯಾಂಟು. ಸೊಂಟ ಸಡಿಲವಾಗಿದೆ, ಸ್ವಲ್ಪ ಹಿಡಿದು ಹೊಲಿಸಬೇಕಿತ್ತು ಎಂದ. ಅತ್ತೆ ಟೇಪು ಹಿಡಿದು ಅಳೆಯುತ್ತ, ಮೂರು ಇಂಚು ಇಳಿದಿದ್ದೀಯಲ್ಲಪ್ಪ, ಊಟ ಬಿಟ್ಟಿದ್ದೆಯಾ ಎಂದು ವಿಚಾರಿಸಿದರು. ಅವನು ಬೆಂಚಿನ ಮೇಲೆ ಕೂತ. ಹೊಲಿಗೆ ಯಂತ್ರ ಓಡುವ ಸದ್ದಿನಲ್ಲೇ ಅವಳ ಕಡೆ ನೋಡದೆ ಹೇಳಿದ.

"ಆವತ್ತಿನ ಅರ್ಜಿ ಬರೆದಿದ್ದು ನಾನೇ."

"ಗೊತ್ತು. ನಾಲ್ಕು ಕಡೆ ಕಾಗುಣಿತ ತಪ್ಪಿತ್ತು."

ಅವನಿಗೆ ನಗು ಬಂತೋ ಅಳು ಬಂತೋ, ಮುಖ ಒಂದು ಥರ ಆಯಿತು. ಹೊಲಿದ ಪ್ಯಾಂಟು ಮಡಿಚಿಕೊಂಡು ಎದ್ದ. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, ಆ ಎರಡು ಗುಂಡಿಯ ವಿಷಯ ತನಗೂ ಒಂದು ಸಲ ಬಿಡಿಸಿ ಹೇಳಬೇಕು, ಇನ್ನು ಮೇಲೆ ಅಂಕಿಯ ಜೊತೆ ಅದನ್ನೂ ನೋಡಿ ಬರೆಯುತ್ತೇನೆ ಎಂದ. ಅವಳು ನಾಳೆ ಬರುತ್ತೇನೆ ಎಂದಳು. ಅಂಕಿ ಬಿಟ್ಟು ಅವರಿಬ್ಬರೂ ಆಡಿದ ಮೊದಲ ಮಾತುಕತೆ ಅದು.

ಅವಳೂ ಪಂಪ್‌ಹೌಸಿಗೆ ಮರಳಿದಳು. ಆರು ತಿಂಗಳಿಗೆ ಎಲ್ಲ ಕಚೇರಿಗಳಿಗೂ ಒಂದು ಸುತ್ತೋಲೆ ಹೋಯಿತು. ನಿಯಂತ್ರಣ ಕೇಬಲ್ಲುಗಳಿರುವಲ್ಲೆಲ್ಲ ಬೇರೆ ಬೇರೆ ಭೂಮಿಗಳನ್ನು ಪರಸ್ಪರ ಜೋಡಿಸತಕ್ಕದ್ದು, ಸರ್ಜ್ ಪ್ರೊಟೆಕ್ಟರಿನ ತಂತಿ ಅತಿ ಚಿಕ್ಕದಾಗಿರತಕ್ಕದ್ದು ಎಂದು ಅದರಲ್ಲಿತ್ತು. ಕೆಳಗೆ ಸಹಿ ಎಂಜಿನಿಯರರದು. ಅವಳ ಹೆಸರಿರಲಿ, ಪಶ್ಚಿಮದ ಪಂಪ್‌ಹೌಸಿನ ಹೆಸರೂ ಇರಲಿಲ್ಲ. ಗಡಿಯಾರ ಸುತ್ತೋಲೆ ಓದಿ ಅವಳಿಗಿಂತ ಹೆಚ್ಚು ರೇಗಾಡಿದ. ಅವಳು ಅದನ್ನು ಪ್ಯಾನೆಲ್ಲಿನ ಬಾಗಿಲಿಗೆ ಅಂಟಿಸಿ, ಹೇಳಿದ್ದು ಸರಿ ಇದೆ, ಜನ ಪಾಲಿಸಲಿ ಎಂದಳು.

ಎರಡು ವರ್ಷದ ಮೇಲೆ ಎಂಜಿನಿಯರರಿಗೆ ವರ್ಗವಾಯಿತು. ಹೋಗುವ ವಾರ ಅವಳನ್ನು ಕರೆಸಿ, ಎದುರಿಗೆ ಕೂರಿಸಿ, ಚಹಾ ತರಿಸಿದರು. ಹಳೆಯ ಮೆಮೋ ಸೇವಾ ಪುಸ್ತಕದಲ್ಲಿ ಕಪ್ಪು ಚುಕ್ಕೆಯಾಗಿ ಉಳಿದಿದೆ. ಅನುಮತಿ ಪಡೆಯದೆ ಮಾಡಿದ್ದಕ್ಕೆ ವಿಷಾದಿಸುತ್ತೇನೆ ಎಂದು ಎರಡು ಸಾಲು ಬರೆದುಕೊಟ್ಟರೆ ತಾವೇ ನಿಂತು ತೆಗೆಸಿಹಾಕುತ್ತೇನೆ, ತಪ್ಪಿದ ಬಡ್ತಿಯೂ ಸಿಗಬಹುದು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವಳಿಗೂ ಅದು ಗೊತ್ತಾಯಿತು.

"ಬೇಡ ಸಾರ್. ಅದು ಹಾಗೇ ಇರ್ಲಿ" ಎಂದಳು. "ಆ ಎರಡು ಭೂಮಿನ ಕಟ್ಟಿದ್ದು ಯಾರು, ಯಾವತ್ತು, ಎಷ್ಟು ಹೊತ್ತಿಗೆ ಅಂತ ಈ ಕಚೇರಿಯಲ್ಲಿ ಬರೆದಿಟ್ಟಿರೋದು ಅದೊಂದೇ ಕಾಗದ. ತೆಗೆದುಬಿಟ್ರೆ ನಾನು ಅಲ್ಲಿ ಇರ್ಲೇ ಇಲ್ಲ ಅಂತಾಗುತ್ತೆ."

ಎಂಜಿನಿಯರ್ ಚಹಾ ಮುಗಿಸಿ ಲೋಟ ಪಕ್ಕಕ್ಕಿಟ್ಟರು. ಆಮೇಲೆ ಅವರು, ಹೊಸ ಜಾಗದಲ್ಲಿ ತಮಗೆ ಮೂರು ಪಂಪ್‌ಹೌಸುಗಳಿವೆ, ಹೋದ ಕೂಡಲೇ ಮೊದಲು ಏನು ನೋಡಬೇಕು ಎಂದು ಕೇಳಿದರು. ಅವಳು ಮೇಜಿನ ಮೇಲಿದ್ದ ಖಾಲಿ ಹಾಳೆ ಎಳೆದುಕೊಂಡು ಪ್ಯಾನೆಲ್ಲಿನ ಚೌಕ ಬರೆದಳು, ಗುಂಡಿಗಳನ್ನು ಬರೆದಳು, ತಂತಿ ಎಲ್ಲಿಂದ ಹಿಡಿದು ಹೊರಡಬೇಕು ಎಂದು ತೋರಿಸುತ್ತ ಹೋದಳು. ಅವರು ಕನ್ನಡಕ ಏರಿಸಿಕೊಂಡು, ಕುರ್ಚಿಯನ್ನು ಅವಳ ಪಕ್ಕಕ್ಕೆ ಸರಿಸಿಕೊಂಡರು.